ಅಥಣಿಗೆ ರೈಲು ಬಿಟ್ಟವನ ಬಹಿರಂಗ ಪತ್ರ

ಹೊಸ ರೈಲು ಮಾರ್ಗ ಮಂಜೂರು ಮಾಡುವ ದೊಡ್ಡ ಸಾಹೇಬರಿಗೆ,

ಅಥಣಿ, ನಿಪ್ಪಾಣಿ, ಚಿಕ್ಕೋಡಿ ಪೇಟೆಗಳಿಗೆ ಇಷ್ಟು ವರ್ಷ ಒಂದು ಹಳಿಯೂ ತಾಗದಂತೆ ಕಾಪಾಡಿದ್ದೀರಿ. ಮೊದಲು ಅದಕ್ಕೆ ಕೃತಜ್ಞತೆ. ಪುಟಾಣಿ ರೈಲು ಕಟ್ಟುವ ನನ್ನಂಥ ಹುಚ್ಚರಿಗೆ ಇಂಥ ಊರು ಸಿಗುವುದು ಪುಣ್ಯ. ರಾಯಬಾಗವನ್ನೋ ಉಗಾರವನ್ನೋ ಮಾಡಹೊರಟರೆ, ದಿನಾ ಮೀರಜಿಗೆ ಓಡಾಡುವವರು ಬಂದು "ನಮ್ಮ ಟೇಶನ್ನಿನ ನಲ್ಲಿ ಆ ಕಡೆ ಐತಿ" ಎಂದು ತಪ್ಪು ಹಿಡಿಯುತ್ತಾರೆ. ಅಥಣಿ ಟೇಶನ್ನಿನಲ್ಲಿ ತಪ್ಪು ಹಿಡಿಯುವವರು ಯಾರು?

ಹಾಗಂತ ಅಳತೆಯಲ್ಲಿ ಮೋಸ ಮಾಡಿಲ್ಲ. 1:87ರ ಪ್ರಮಾಣಕ್ಕೆಂದು ಪೆಟ್ಟಿಗೆಯಲ್ಲಿ ಬರುವ ಹಳಿಗಳ ಅಂತರ 16.5 ಮಿ.ಮೀ. ಅದು ಯುರೋಪ್, ಅಮೆರಿಕಗಳ 1435 ಮಿ.ಮೀ. ಗೇಜಿನ ಲೆಕ್ಕ. ನಮ್ಮ ಬ್ರಾಡ್‌ಗೇಜು 1676. 87ರಿಂದ ಭಾಗಿಸಿದರೆ 19.26. ಹಾಗಾಗಿ ತಾಮ್ರದ ಪದರವಿರುವ ಸರ್ಕ್ಯೂಟ್ ಬೋರ್ಡನ್ನು ಪಟ್ಟಿ ಪಟ್ಟಿಯಾಗಿ ಕತ್ತರಿಸಿ ಸ್ಲೀಪರ್ ಮಾಡಿದೆ, ಹಳಿಯನ್ನು ಅದರ ಮೇಲೆ ಬೆಸುಗೆ ಹಾಕಿದೆ. ಗಾಡಿಯ ಗಾಲಿಗಳನ್ನೂ ಅಚ್ಚಿನ ಮೇಲೆ ಹೊರಕ್ಕೆ ಸರಿಸಿದೆ. ಇಲ್ಲದ ಮಾರ್ಗಕ್ಕೆ ಇಷ್ಟು ಕರಾರುವಾಕ್ಕು ಬೇಕೇ ಎಂದು ಮನೆಯಲ್ಲಿ ಕೇಳಿದರು. ಪಾಪ, ಅವರು ಸರಕಾರಿ ನಕ್ಷೆಗಳನ್ನು ನೋಡಿಲ್ಲ.

ಈಗಿರುವ ಮಾರ್ಗದಿಂದ ಶೇಡಬಾಳದಲ್ಲಿ ಅಥಣಿಗೆ ಕವಲೊಡೆಯುವ ಪಾಯಿಂಟೇ ಎಲ್ಲಕ್ಕಿಂತ ಕಠಿಣ. ನಿಮ್ಮಲ್ಲೂ ಬಳಕೆಯಲ್ಲಿರುವ 8.5ಕ್ಕೆ 1ರ ಕೋನವನ್ನೇ ಹಿಡಿದೆ: ಎಂಟೂವರೆ ಅಂಗುಲ ಮುಂದೆ ಹೋದರೆ ಒಂದಂಗುಲ ಬದಿಗೆ. ಎರಡು ಹಳಿಗಳ ತುದಿಯನ್ನು ಕಾನಸಿಯಿಂದ ಉಜ್ಜಿ ಮೂಗು ಕೂಡಿಸಬೇಕು. ನಾಲಗೆ ಹಳಿಯನ್ನು ಬ್ಲೇಡಿನಷ್ಟು ತೆಳುವಾಗಿಸಿ ಪಕ್ಕದ ಹಳಿಗೆ ಒರಗಿಸಬೇಕು. ಗಾಲಿ ಮೂಗಿಗೆ ಬಡಿಯದಂತೆ ಎದುರು ಬದಿಯಲ್ಲಿ ಚೆಕ್ ರೈಲು ಕೂಡಿಸಬೇಕು. ಇಷ್ಟಾದ ಮೇಲೂ ಮೂಗಿನ ಹಿಂದೆ ಮುಂದೆ ಹಳಿ ಕತ್ತರಿಸಿ ಕರೆಂಟು ಬೇರ್ಪಡಿಸದಿದ್ದರೆ ಗಾಡಿ ಶಾರ್ಟ್ ಸರ್ಕ್ಯೂಟಾಗಿ ನಿಂತುಬಿಡುತ್ತದೆ. ಅನುದಾನವಿಲ್ಲದೆ ನಿಲ್ಲುವುದಕ್ಕಿಂತ ಇದು ಮರ್ಯಾದೆಯ ನಿಲುಗಡೆ, ಬಿಡಿ.

ದೂರದ ವಿಷಯದಲ್ಲಿ ಮಾತ್ರ ನಾನೂ ಕೈಚೆಲ್ಲಿದೆ. ಶೇಡಬಾಳದಿಂದ ಅಥಣಿಗೆ ಬರೀ 30 ಕಿ.ಮೀ. ಎಂದು ಹಿಡಿದರೂ ನನ್ನ ಪ್ರಮಾಣದಲ್ಲಿ 345 ಮೀಟರ್. ಹಲಗೆ ಇರುವುದು ಹತ್ತಡಿ. ಆದ್ದರಿಂದ ಒಂದು ತಿರುವು ತಿರುಗುವಷ್ಟರಲ್ಲಿ ಅಥಣಿ. ಅಲ್ಲಿ ಚಪ್ಪಲಿ ತುಂಬಿದ ವ್ಯಾಗನ್ ಕಾದಿರುತ್ತದೆ, ಒಂದೊಂದು ಚಪ್ಪಲಿ ಮೂರೇ ಮಿ.ಮೀ. ಉದ್ದ. ನಿಪ್ಪಾಣಿಯ ತಂಬಾಕಿಗೂ ವ್ಯಾಗನ್ ಸಿದ್ಧವಿದೆ, ಆದರೆ ಭೂಸ್ವಾಧೀನ ಬಾಕಿ: ನಿಪ್ಪಾಣಿ ಬರಬೇಕಾದ ಜಾಗದಲ್ಲಿ ನಮ್ಮಾಕೆಯ ಜೋಳದ ಚೀಲಗಳಿವೆ. ಪರಿಹಾರದ ಮಾತುಕತೆ ನಡೆದಿದೆ.

ಕೊನೆಯದಾಗಿ ಒಂದು ವಿನಂತಿ. ತಾವು ನಿಜವಾಗಿಯೂ ಮಾರ್ಗ ಹಾಕುವುದಾದರೆ ಮೊದಲೇ ತಿಳಿಸಿ; ಟೇಶನ್ನನ್ನು ನಿಮ್ಮ ನಕ್ಷೆಗೆ ಸರಿಯಾಗಿ ಮತ್ತೆ ಕಟ್ಟಬೇಕಾಗುತ್ತದೆ. ಖಡಿಯನ್ನು ಫೆವಿಕಾಲ್ ನೀರಿನಲ್ಲಿ ಅಂಟಿಸಿದ್ದೇನೆ, ಕೀಳುವುದು ಬೇಗ ಆಗುವ ಕೆಲಸವಲ್ಲ. 2010-11ರಲ್ಲಿ ಮಂಜೂರಾದ ಕುಡಚಿ–ಬಾಗಲಕೋಟೆ ಮಾರ್ಗದ ನಡಿಗೆ ಕಂಡಮೇಲೆ ನನಗೇನೂ ಗಾಬರಿಯಿಲ್ಲ. ಆದರೂ ಒಂದು ಮಾತು ಹೇಳಿಟ್ಟಿರುತ್ತೇನೆ.

ತಮ್ಮ ವಿಶ್ವಾಸಿ,
ಸ್ಟೇಶನ್ ಮಾಸ್ತರ, ಅಥಣಿ (ಹಲಗೆಯ ಮೇಲಿನದು)