ಟಯರ್ ಶಾಸನ ಮೀಮಾಂಸೆ, ಅಥವಾ ಮೂರು ತಾಲೂಕಿನ ಪಿಕಪ್ಪುಗಳಲ್ಲಿ ಶಾಕಪ್ಪಿಗೆ ಸಲ್ಲಬೇಕಾದ ಅಗ್ರಪೂಜೆ

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಸೀಮೆಯ ಚರಿತ್ರೆ ಬರೆದ ವಿದ್ವಾಂಸರು ಬಸದಿಯನ್ನು ಬಿಟ್ಟಿಲ್ಲ, ಕೋಲವನ್ನು ಬಿಟ್ಟಿಲ್ಲ, ಕಂಬಳದ ಕೋಣದ ನೊಗವನ್ನೂ ಬಿಟ್ಟಿಲ್ಲ. ಆದರೆ ಕೋಲದ ಶಾಮಿಯಾನ, ಬಸದಿ ಜೀರ್ಣೋದ್ಧಾರದ ಮರಳು, ಕೋಣಗಳ ಬೈಹುಲ್ಲು ಎಲ್ಲವನ್ನೂ ಹೊತ್ತು ತಂದ ಪಿಕಪ್ಪಿನ ಟಯರನ್ನು ಮಾತ್ರ ಯಾರೂ ಮುಟ್ಟಿಲ್ಲ. ಪಂಕ್ಚರ್ ಅಂಗಡಿಯವರು ಮುಟ್ಟಿದ್ದಾರೆ, ನಿಜ, ಅವರು ಬರೆದಿಡಲಿಲ್ಲ. 1801ರಲ್ಲಿ ಈ ಮೂರೂ ಊರುಗಳನ್ನು ಹಾದುಹೋದ ಫ್ರಾನ್ಸಿಸ್ ಬುಕಾನನ್, 1807ರಲ್ಲಿ ಅಚ್ಚಾದ ತನ್ನ ಪ್ರವಾಸಗ್ರಂಥದಲ್ಲಿ ಬೆಳೆ, ಭೂಮಿ, ತೆರಿಗೆಗಳನ್ನು ಪುಟಗಟ್ಟಲೆ ವಿವರಿಸಿದರೂ ಟಯರಿನ ಬಗ್ಗೆ ಒಂದಕ್ಷರ ಹೇಳುವುದಿಲ್ಲ. ಆತನನ್ನು ಕ್ಷಮಿಸಬೇಕು. ಇಂಗ್ಲೆಂಡಿನ ಒಬಾಡಯಾ ಎಲಿಯಟ್ ಗಾಡಿಯ ಪ್ಲೇಟು ಸ್ಪ್ರಿಂಗಿಗೆ ಪೇಟೆಂಟ್ ಪಡೆದದ್ದು 1804ರಲ್ಲಿ. ಗಾಳಿ ತುಂಬುವ ಟಯರಿಗೆ ಡನ್‌ಲಪ್ ಪಡೆದದ್ದು 1888ರಲ್ಲಿ. ಬುಕಾನನ್ ಬಂದದ್ದು ಸ್ವಲ್ಪ ಮುಂಚೆಯಾಯಿತು. ನಮ್ಮ ಕಾಲದ ಸಂಶೋಧಕರಿಗೆ ಈ ನೆಪವೂ ಇಲ್ಲದ್ದರಿಂದ ಪ್ರಸ್ತುತ ಪ್ರಬಂಧ ಅನಿವಾರ್ಯವಾಗಿದೆ. ಇದರ ಪ್ರತಿಜ್ಞೆ ಇಷ್ಟು: ಟಯರ್ ಕೊಳ್ಳಲು ಹೊರಟವನು ಮೊದಲು ಶಾಕಪ್ ನೋಡಬೇಕು, ಶಾಕಪ್ ನೋಡುವುದಕ್ಕೂ ಮುಂಚೆ ಹಳೆಯ ಟಯರನ್ನು ಓದಬೇಕು. ಏಕೆಂದರೆ ಟಯರ್ ಬರೀ ರಬ್ಬರಿನ ಬಳೆಯಲ್ಲ, ಶಾಸನ. ಗಾಡಿಯ ಪಾಪಪುಣ್ಯಗಳೆಲ್ಲ ಅದರ ಮೇಲೆ ಕೆತ್ತಿರುತ್ತವೆ. ಅದನ್ನು ಓದದೆ ಗುಜರಿಗೆ ಹಾಕಿ ಹೊಸತು ಕೊಳ್ಳುವವನು ಶಾಸನಕಲ್ಲನ್ನು ಬಟ್ಟೆ ಒಗೆಯಲು ಇಟ್ಟುಕೊಂಡವನಿಗೆ ಸಮಾನ.

ಈ ಲಿಪಿ ಕಷ್ಟದ್ದೇನಲ್ಲ, ಹಳಗನ್ನಡಕ್ಕಿಂತ ಸುಲಭ. ನಡು ಸವೆದು ಎರಡೂ ಅಂಚು ಉಳಿದಿದ್ದರೆ ಗಾಳಿ ಹೆಚ್ಚಾಗಿತ್ತೆಂದು ಓದಿಕೊಳ್ಳಬೇಕು. ಎರಡೂ ಅಂಚು ಸವೆದು ನಡು ಉಳಿದಿದ್ದರೆ ಗಾಳಿ ಕಡಿಮೆಯಿತ್ತೆಂದು. ಒಂದೇ ಅಂಚು ಬೋಳಾಗಿದ್ದರೆ ಅಲೈನ್‌ಮೆಂಟಿನ ದೋಷ. ಕೈಯಾಡಿಸಿದಾಗ ಒಂದು ದಿಕ್ಕಿಗೆ ನುಣುಪಾಗಿ, ಇನ್ನೊಂದು ದಿಕ್ಕಿಗೆ ಗರಗಸದ ಹಲ್ಲಿನಂತೆ ತಾಗಿದರೂ ಅದೇ ದೋಷದ ಪಾಠಾಂತರ. ಇನ್ನು ನಮ್ಮ ವಾದಕ್ಕೆ ಆಧಾರವಾದ ಮುಖ್ಯ ಅಕ್ಷರಕ್ಕೆ ಬರೋಣ. ಟಯರಿನ ಸುತ್ತ ಅಲ್ಲಲ್ಲಿ ಚೆನ್ನೆಮಣೆಯ ಗುಳಿಗಳಂತೆ ತಗ್ಗು ಬಿದ್ದಿದ್ದರೆ ಅದು ಬಹುಮಟ್ಟಿಗೆ ಸತ್ತ ಶಾಕಪ್ಪಿನ ಹಸ್ತಾಕ್ಷರ. ಶಾಕಪ್ಪಿನ ಒಳಗೆ ಪಿಸ್ಟನ್ನು ಎಣ್ಣೆಯನ್ನು ಸಣ್ಣ ತೂತುಗಳ ಮೂಲಕ ತಳ್ಳುತ್ತದೆ; ಚಕ್ರದ ಕುಣಿತ ಆ ಎಣ್ಣೆಯಲ್ಲಿ ಬಿಸಿಯಾಗಿ ಕರಗುತ್ತದೆ. ಎಣ್ಣೆ ಸೋರಿಹೋದರೆ ಕುಣಿತ ಕರಗುವುದಿಲ್ಲ. ಚಕ್ರ ಕುಣಿಯುತ್ತ, ಒಮ್ಮೆ ನೆಲಕ್ಕೆ ಬಡಿದು ಒಮ್ಮೆ ನೆಲ ಬಿಟ್ಟು ಓಡುತ್ತದೆ. ಬಡಿದಲ್ಲೆಲ್ಲ ರಬ್ಬರು ಕಿತ್ತು ಹೋಗುತ್ತದೆ. ಹೀಗೆ ಗುಳಿ ಬಿದ್ದ ಟಯರನ್ನು ತೆಗೆದು ಅದೇ ಶಾಕಪ್ಪಿನ ಮೇಲೆ ಹೊಸ ಟಯರ್ ಹಾಕಿಸುವುದೆಂದರೆ ಅದೇ ಲಿಪಿಕಾರನಿಗೆ ಹೊಸ ಓಲೆಗರಿ ಕೊಟ್ಟಂತೆ: ಅವನು ಮತ್ತೆ ಅದನ್ನೇ ಬರೆಯುತ್ತಾನೆ.

ಶಾಸನದ ಭಾಷೆ ಒಂದೇ ಆದರೂ ಉಪಭಾಷೆಗಳು ಮೂರು. ಬಂಟ್ವಾಳದ್ದು ರಾಷ್ಟ್ರೀಯ ಹೆದ್ದಾರಿ 75ರ ಉಪಭಾಷೆ. ಬಿ.ಸಿ. ರೋಡಿನಿಂದ ಮಾಣಿಯತ್ತ ವರ್ಷಗಟ್ಟಲೆ ನಡೆದ ಚತುಷ್ಪಥ ಕಾಮಗಾರಿ ಒಂದು ಇಡೀ ತಲೆಮಾರಿನ ಟಯರುಗಳಿಗೆ ಪಠ್ಯ ಒದಗಿಸಿತು; ಅಂಚು ಒಡೆದ ಡಾಮರು, ಚೆಲ್ಲಿದ ಜಲ್ಲಿ, ಮಳೆಗೆ ಕಾಣದ ಹೊಂಡ ಅದರ ವ್ಯಾಕರಣ. ಬೆಳ್ತಂಗಡಿಯದು ಹೆದ್ದಾರಿ 73ರ, ಚಾರ್ಮಾಡಿ ಘಾಟಿಯ ಉಪಭಾಷೆ: ತಿರುವಿನ ಮೇಲೆ ತಿರುವು, ಭಾರವೆಲ್ಲ ಒಂದು ಭುಜದಿಂದ ಇನ್ನೊಂದು ಭುಜಕ್ಕೆ ಹೊರಳಿ ಟಯರಿನ ಹೆಗಲು ತೇಯುವುದು ಅದರ ಲಕ್ಷಣ. ಹೆದ್ದಾರಿ 169ರ ಮೂಡುಬಿದಿರೆಯದು ಕೆಂಪುಕಲ್ಲಿನ ಕೋರೆದಾರಿಗಳ ಉಪಭಾಷೆ. ಅಲ್ಲಿ ಬರವಣಿಗೆ ಟಯರಿನ ಮುಖದ ಮೇಲಲ್ಲ, ಪಕ್ಕೆಯ ಮೇಲೆ, ಅದೂ ಕೊಯ್ತದ ರೂಪದಲ್ಲಿ. ಒಂದು ಕಾಲಕ್ಕೆ ಇವೇ ಹೆದ್ದಾರಿಗಳಿಗೆ 48, 234, 13 ಎಂಬ ಸಂಖ್ಯೆಗಳಿದ್ದವು. ರಾಜವಂಶ ಬದಲಾಗಿ ಶಾಸನದಲ್ಲಿ ದೊರೆಯ ಹೆಸರಷ್ಟೇ ಬೇರೆಯಾದಂತೆ ಸಂಖ್ಯೆ ಬದಲಾಯಿತು. ಹೊಂಡದ ದತ್ತಿ ಹಾಗೆಯೇ ಮುಂದುವರಿಯಿತು.

ಇನ್ನು ಪೂರ್ವಪಕ್ಷಗಳು. ಮೊದಲನೆಯದು, ಗ್ಯಾರೇಜುಗಳಲ್ಲಿ ಬಲವಾಗಿ ಬೇರೂರಿರುವ ಅಧಿಕಪತ್ರವಾದ. ಪಿಕಪ್ಪಿನ ಕೆಳಗೆ ಉಕ್ಕಿನ ಪ್ಲೇಟುಗಳ ಕಟ್ಟು ಇರುವುದು ಸರ್ವವಿದಿತ. ಅದಕ್ಕೆ ಇನ್ನೊಂದು ಪ್ಲೇಟು ಸೇರಿಸಿಬಿಟ್ಟರೆ ಗಾಡಿ ಕುಗ್ಗುವುದಿಲ್ಲ, ಶಾಕಪ್ಪಿನ ಹಂಗೇ ಬೇಡ ಎಂಬುದು ಈ ಪಂಥದ ನಿಲುವು. ಪತ್ರಗಳ ಮೇಲಿನ ಈ ಭಕ್ತಿ ಜೈನ ಸಿದ್ಧಾಂತಗ್ರಂಥಗಳಾದ ಧವಲ, ಜಯಧವಲ, ಮಹಾಧವಲಗಳ ತಾಳೆಪತ್ರಗಳನ್ನು ಶತಮಾನಗಳ ಕಾಲ ಕಾಪಾಡಿದ ಮೂಡುಬಿದಿರೆಯ ನೆರೆಯಲ್ಲಿ ಹುಟ್ಟಿದ್ದು ಸಹಜವೇ. ಆದರೆ ಇಲ್ಲಿ ಎರಡು ಧರ್ಮಗಳನ್ನು ಕಲಸಲಾಗಿದೆ. ಪ್ಲೇಟಿನ ಧರ್ಮ ಹೊರುವುದು, ಶಾಕಪ್ಪಿನ ಧರ್ಮ ಅಡಗಿಸುವುದು. ಪ್ಲೇಟು ಹೆಚ್ಚಿಸಿದಷ್ಟೂ ಸ್ಪ್ರಿಂಗು ಬಿಗಿಯಾಗಿ ಇನ್ನೂ ಜೋರಾಗಿ ಚಿಮ್ಮುತ್ತದೆ. ಅದನ್ನು ಅಡಗಿಸಲು ಶಾಕಪ್ಪಿಗೆ ಕೆಲಸ ಹೆಚ್ಚುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ. ಖಾಲಿ ಬರುವಾಗಂತೂ ಅಂಥ ಗಾಡಿ ಸಂಜೆ ಹಟ್ಟಿಗೆ ಬಿಟ್ಟ ಕರುವಿನಂತೆ ಹಾರುತ್ತ ಬರುತ್ತದೆ. ಭಾರದ ವಿಷಯಕ್ಕೂ ಒಂದು ಲೆಕ್ಕ ಹೇಳಬೇಕು. 1.7 ಟನ್ ಎಂದು ಹೆಸರಿನಲ್ಲೇ ಒಪ್ಪಿಕೊಂಡ ಗಾಡಿಗೆ, ಒಂದು ಕೆಂಪುಕಲ್ಲು 30 ಕಿಲೋ ಎಂದು ಹಿಡಿದರೆ, 56 ಕಲ್ಲು ಸಲ್ಲುತ್ತದೆ. ಐವತ್ತೇಳನೆಯ ಕಲ್ಲಿನಿಂದ ಮುಂದಿನದು ಯಂತ್ರಶಾಸ್ತ್ರದ ವಿಷಯವಲ್ಲ, ಶ್ರದ್ಧೆಯ ವಿಷಯ. ಶ್ರದ್ಧೆಗೂ ಈ ಸೀಮೆಯಲ್ಲಿ ಉತ್ತಮ ಮಾದರಿಯಿದೆ: ಧರ್ಮಸ್ಥಳದ 39 ಅಡಿಯ ಬಾಹುಬಲಿ 1973ರಲ್ಲಿ ಕಾರ್ಕಳದಿಂದ ಬಂದದ್ದು 64 ಚಕ್ರಗಳ ಟ್ರಾಲಿಯ ಮೇಲೆ. ಆಗಿನವರು ಭಾರ ಹೆಚ್ಚಾದಾಗ ಚಕ್ರ ಹೆಚ್ಚಿಸಿದರು, ಪ್ಲೇಟಲ್ಲ.

ಎರಡನೆಯದು ‘ದಾಲ ಆಪುಜ್ಜಿ’ ವಾದ. ಏನೂ ಆಗುವುದಿಲ್ಲ ಎಂಬ ಈ ತುಳು ದರ್ಶನಕ್ಕೆ ಗ್ರಂಥಗಳಿಲ್ಲ, ಅನುಯಾಯಿಗಳು ಮಾತ್ರ ಅಸಂಖ್ಯ. ಇವರ ಪ್ರಮಾಣ ಒಂದೇ: ನಿನ್ನೆ ಏನೂ ಆಗಲಿಲ್ಲ. ಕೇಂದ್ರ ಮೋಟಾರು ವಾಹನ ನಿಯಮ 94ರ ಪ್ರಕಾರ ಪಿಕಪ್ಪಿನ ಟಯರಿನ ಬಟನಿನ ಆಳ 1.6 ಮಿಲಿಮೀಟರಿಗಿಂತ ಕಡಿಮೆ ಇರಬಾರದು. ಆ ಮಟ್ಟ ತಿಳಿಯಲೆಂದು ಟಯರಿನ ಗೀರುಗಳ ತಳದಲ್ಲಿ ಸಣ್ಣ ಗುಬ್ಬಿಯನ್ನೂ ಇಟ್ಟಿರುತ್ತಾರೆ. ಈ ಪಂಥದವರು ಗುಬ್ಬಿಯನ್ನು ಸವೆಸಿ ಆಚೆ ದಾಟಿ ಕ್ಯಾನ್ವಾಸು ದರ್ಶನವಾಗುವವರೆಗೆ ತಪಸ್ಸು ಬಿಡುವುದಿಲ್ಲ. ಬೇಸಿಗೆಯಲ್ಲಿ ಇದು ನಡೆದೀತು. ಆದರೆ ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿನ ಆಸುಪಾಸು ಮಳೆ ಸುರಿಯುವ ಸೀಮೆಯಿದು. ರಸ್ತೆಯ ನೀರು ಟಯರಿನಡಿಯಿಂದ ಹೊರಹೋಗಲು ಇರುವ ಗಟಾರ ಆ ಗೀರುಗಳೇ. ಗಟಾರ ಮುಚ್ಚಿದ ಮನೆಯೊಳಗೆ ನೀರು ಬಾರದು ಎಂದು ವಾದಿಸಲು ತರ್ಕಶಾಸ್ತ್ರದಲ್ಲಿ ಅವಕಾಶವಿಲ್ಲ.

ಸವೆದ ಟಯರಿಗೆ ಹೊಸ ರಬ್ಬರು ಹೊದಿಸುವ ರೀಸೋಲ್ ಪಂಥ ಇವೆರಡಕ್ಕಿಂತ ಗಂಭೀರವಾದದ್ದು. ಬೆಳ್ತಂಗಡಿಯ ತೋಟಗಳಿಂದ ರಬ್ಬರ್ ಶೀಟು ಪಿಕಪ್ಪಿನಲ್ಲಿ ಹೊರಡುತ್ತದೆ, ಟಯರಾಗಿ ಪಿಕಪ್ಪಿನ ಕೆಳಗೆ ಮರಳುತ್ತದೆ. ತಾನು ಹೇರಿಕೊಂಡು ಹೋದದ್ದನ್ನೇ ಕಾಲಿಗೆ ಹಾಕಿಕೊಳ್ಳುವ ಈ ಚಕ್ರವನ್ನು ಕಂಡವರು ಪುನರ್ಜನ್ಮ ನಂಬಿದರೆ ಆಶ್ಚರ್ಯವಿಲ್ಲ. ಒಳಮೈ ಗಟ್ಟಿಯಿದ್ದು, ಪಕ್ಕೆಯಲ್ಲಿ ಕೊಯ್ತವಾಗಲಿ ಉಬ್ಬಾಗಲಿ ಇಲ್ಲದಿದ್ದರೆ ಹಿಂದಿನ ಚಕ್ರಕ್ಕೆ ಒಂದು ಪುನರ್ಜನ್ಮವನ್ನು ಈ ಪ್ರಬಂಧವೂ ಒಪ್ಪುತ್ತದೆ. ಮುಂದಿನ ಚಕ್ರಕ್ಕೆ ಒಪ್ಪುವುದಿಲ್ಲ; ಸ್ಟೇರಿಂಗು ಹಿಡಿದವನಿಗೆ ಜನ್ಮ ಒಂದೇ.

ದೊಡ್ಡ ಟಯರಿನ ಮೋಹಿಗಳನ್ನು ಲೆಕ್ಕದಿಂದಲೇ ಎದುರಿಸಬೇಕು. 195/80 ಆರ್ 15 ಎಂದು ಬರೆದ ಗಾಡಿಗೆ 215/75 ಆರ್ 15 ಹಾಕಿಸಿದರೆ ಚಕ್ರದ ವ್ಯಾಸ 693 ಮಿಲಿಮೀಟರಿನಿಂದ 703.5ಕ್ಕೆ ಏರುತ್ತದೆ, ಅಂದರೆ ಶೇಕಡಾ ಒಂದೂವರೆ. ಮೀಟರು ನೂರು ಕಿಲೋಮೀಟರ್ ತೋರಿಸುವಾಗ ಗಾಡಿ ನೂರಾ ಒಂದೂವರೆ ಓಡಿರುತ್ತದೆ. ಆ ಒಂದೂವರೆ ಕಿಲೋಮೀಟರು ಎಲ್ಲಿ ಹೋಯಿತು ಎಂಬ ಪ್ರಶ್ನೆಯನ್ನು ಮಾಯಾವಾದಿಗಳಿಗೆ ಬಿಡೋಣ. ಬಾಡಿಗೆಯನ್ನು ಮೀಟರು ನೋಡಿ ವಸೂಲು ಮಾಡುವವನಿಗೆ ಅದು ಮಾಯೆಯಲ್ಲ, ನಷ್ಟ. ಅಗಲಕ್ಕಿಂತ ಮುಖ್ಯವಾದ ಅಂಕಿ ಅದರ ಪಕ್ಕದಲ್ಲೇ ಇರುತ್ತದೆ, ಯಾರೂ ಓದುವುದಿಲ್ಲ. 106 ಎಂದಿದ್ದರೆ ಆ ಟಯರ್ ಹೊರುವುದು 950 ಕಿಲೋ. 100 ಎಂದಿದ್ದರೆ 800. ನೋಡಲು ಚಂದವೆಂದು ಕಾರಿನ ಟಯರ್ ಹಾಕಿಸಿಕೊಂಡ ಪಿಕಪ್ಪು, ನೃತ್ಯದ ಗೆಜ್ಜೆ ಕಟ್ಟಿಕೊಂಡು ಗದ್ದೆ ಉಳಲು ಇಳಿದ ಕೋಣ.

ಹಾಗಾದರೆ ಕೊಳ್ಳುವುದು ಏನನ್ನು? ಸಿದ್ಧಾಂತ ಇಲ್ಲಿ ಒಣ ಏಕತ್ವವನ್ನು ಬೋಧಿಸುವುದಿಲ್ಲ. ಡಾಮರಿನ ಮೇಲೇ ಬದುಕು ಸವೆಸುವ ಬಂಟ್ವಾಳದ ಗಾಡಿಗೆ ಉದ್ದ ಗೀರಿನ ರೇಡಿಯಲ್ಲೇ ಸರಿ. ಅದು ತಂಪಾಗಿ ಓಡುತ್ತದೆ, ಹೆಚ್ಚು ಬಾಳುತ್ತದೆ. ಬೆಳ್ತಂಗಡಿಯ ಅಡಿಕೆ ತೋಟದ ಏರುದಾರಿಯ ಕೆಸರಿಗೆ ಹಿಂದಿನ ಚಕ್ರಗಳಿಗೆ ದಪ್ಪ ಬಟನ್ ಬೇಕು. ಕೋರೆಯೊಳಗೇ ದಿನ ಕಳೆಯುವ ಮೂಡುಬಿದಿರೆಯ ಗಾಡಿಯ ವಿಷಯದಲ್ಲಿ, ಪಕ್ಕೆ ದಪ್ಪವಿರುವ ಹಳೆಯ ನೈಲಾನ್ ಟಯರಿನ ಪರವಾಗಿ ವಾದಿಸುವವರನ್ನು ಮೂಢರೆಂದು ತಳ್ಳಿಹಾಕಲಾಗದು. ಸಾವಿರ ಕಂಬದ ಬಸದಿಯಲ್ಲಿ ಒಂದು ಕಂಬದಂತೆ ಇನ್ನೊಂದಿಲ್ಲ ಎನ್ನುತ್ತಾರೆ. 1430ರ ಆ ಆದರ್ಶವನ್ನು ಪಿಕಪ್ಪಿನವರು ಚಕ್ರಗಳಿಗೆ ಅನ್ವಯಿಸಿ, ನಾಲ್ಕು ಮೂಲೆಗೆ ನಾಲ್ಕು ಕಂಪನಿ ಹಾಕಿರುವುದುಂಟು. ಕಂಬಗಳು ನಿಂತಲ್ಲೇ ನಿಲ್ಲುತ್ತವೆ, ಆದ್ದರಿಂದ ನಡೆಯುತ್ತದೆ. ಓಡುವ ಗಾಡಿಯಲ್ಲಿ ಒಂದೇ ಆಕ್ಸಲಿನ ಎರಡು ಟಯರು ಜೋಡಿಯಾಗಿರಬೇಕು, ಶಾಕಪ್ಪುಗಳೂ ಹಾಗೆಯೇ. ಒಂದನ್ನೇ ಬದಲಿಸುವುದು ಒಂದು ಹೊಸ ಕೋಣ, ಒಂದು ಮುದಿ ಕೋಣ ಕಟ್ಟಿ ಕಂಬಳದ ಕರೆಗೆ ಇಳಿಸಿದಂತೆ.

ಶಾಕಪ್ ಸತ್ತಿದೆಯೆಂದು ತಿಳಿಯುವ ಪರೀಕ್ಷೆಯಲ್ಲೂ ಒಂದು ಅಪಪಾಠ ಚಾಲ್ತಿಯಲ್ಲಿದೆ. ಬಾನೆಟ್ಟು ಒತ್ತಿ ಬಿಟ್ಟು ಎಷ್ಟು ಸಲ ಕುಣಿಯಿತೆಂದು ಎಣಿಸುವುದು ಕಾರಿನ ಪರೀಕ್ಷೆ. ಪ್ಲೇಟಿನ ಪಿಕಪ್ಪನ್ನು ಒತ್ತಿದರೆ ಕುಗ್ಗುವುದು ಒತ್ತಿದವನ ಸೊಂಟ. ಎಣ್ಣೆ ಸೋರಿ ಧೂಳು ಹಿಡಿದಿದೆಯೇ, ಬುಷ್ಷು ಅಲ್ಲಾಡುತ್ತದೆಯೇ ನೋಡಬೇಕು. ಹೊಂಡದ ದಾರಿಯಲ್ಲಿ ಒಂದಷ್ಟು ಓಡಿಸಿ ನಿಲ್ಲಿಸಿ, ಜಾಗ್ರತೆಯಿಂದ ಶಾಕಪ್ಪು ಮುಟ್ಟಿ ನೋಡಬೇಕು. ಕೆಲಸ ಮಾಡಿದ್ದು ಬಿಸಿಯಾಗಿರುತ್ತದೆ. ಉಳಿದವು ಬಿಸಿಯಾಗಿದ್ದು ಒಂದು ಮಾತ್ರ ತಣ್ಣಗಿದ್ದರೆ ಅದು ಜೊತೆಗೆ ಪ್ರಯಾಣ ಮಾಡಿತ್ತು, ಅಷ್ಟೇ. ಈ ಪರೀಕ್ಷೆಯನ್ನು ಗಾಡಿಯ ಹೊರಗೂ ಅನ್ವಯಿಸಬಹುದೆಂಬ ಸೂಚನೆ ಬಂದಿದೆಯಾದರೂ ಪ್ರಬಂಧದ ವ್ಯಾಪ್ತಿಗೆ ಅದು ಸೇರದು.

ಉಳಿದದ್ದು ಸ್ಟೆಪ್ನಿ. ವೇಲ್ಸಿನ ಲ್ಲನೆಲ್ಲಿ ಊರಿನ ಸ್ಟೆಪ್ನಿ ಬೀದಿಯಿಂದ ಹೊರಟು, ಅಲ್ಲಿ ಹೆಚ್ಚುಕಡಿಮೆ ಮರೆತುಹೋಗಿ, ನಮ್ಮಲ್ಲಿ ಉಳಿದ ಪದ ಅದು. ಟಯರಿನ ಪಕ್ಕೆಯಲ್ಲಿ ನಾಲ್ಕು ಅಂಕಿ ಇರುತ್ತವೆ; ಮೊದಲೆರಡು ಹುಟ್ಟಿದ ವಾರ, ಕೊನೆಯೆರಡು ವರ್ಷ. ಸ್ಟೆಪ್ನಿಯ ಮೇಲಿನ ಅಂಕಿಗಳನ್ನು ಓದಿದವರು ಈ ಮೂರು ತಾಲೂಕುಗಳಲ್ಲಿ ವಿರಳ. ಮೂಡುಬಿದಿರೆಯ ಸಿದ್ಧಾಂತಗ್ರಂಥಗಳು ಬಹುಕಾಲ ದರ್ಶನಕ್ಕೆ ಮಾತ್ರ ಸಿಗುತ್ತಿದ್ದವು, ಓದಿಗೆ ಸಿಗುತ್ತಿರಲಿಲ್ಲ. ಸ್ಟೆಪ್ನಿಗೆ ದರ್ಶನದ ಭಾಗ್ಯವೂ ಇಲ್ಲ. ಆಯುಧಪೂಜೆಯ ದಿನ ನಾಲ್ಕು ಚಕ್ರಕ್ಕೆ ನಾಲ್ಕು ನಿಂಬೆಹಣ್ಣು ಸಲ್ಲುತ್ತವೆ, ಐದನೆಯದು ಬಾಡಿಯ ಅಡಿಯಲ್ಲಿ ಹಿಂದಿನ ಮಳೆಗಾಲಗಳ ಕೆಸರು ಮೆತ್ತಿಕೊಂಡು ತೂಗುತ್ತಿರುತ್ತದೆ. ಅದರ ಪ್ರಥಮ ಪಠನ ಚಾರ್ಮಾಡಿಯ ಯಾವುದೋ ತಿರುವಿನಲ್ಲಿ, ರಾತ್ರಿ, ಮಳೆಯಲ್ಲಿ, ಮೊಬೈಲಿನ ಬೆಳಕಿನಲ್ಲಿ ನಡೆಯುತ್ತದೆ. ಅಷ್ಟರಲ್ಲಿ ನಟ್ಟು ತುಕ್ಕು ಹಿಡಿದಿರುತ್ತದೆ.