ಮೂಗಿಗೆಲ್ಲಿಂದ ತರ್ಲಿ?

ನೀರಮಾನ್ವಿಯ ಗೆಳೆಯರ ಪ್ರವಾಸದಲ್ಲಿ ಮೊದಲು ನಿಕ್ಕಿಯಾಗುವುದು ಮಂಡಾಳ ಒಗ್ಗರಣಿ, ಮಿರ್ಚಿ. ಹೋಗುವ ಊರು ಆಮೇಲೆ. ಮಾನ್ವಿ, ಸಿಂಧನೂರು, ಗಂಗಾವತಿ ದಾಟುವವರೆಗೆ ಭತ್ತವೇ ಭತ್ತ. ಮುಂದೆ ಕೊಪ್ಪಳ ಸೀಮೆಯ ಗುಡ್ಡಗಳ ನಡುವೆ ಕೃಸ್ಮಾ ವೈನರಿ. ಕಟ್ಟಿದ ದಂಪತಿ ಏಳೂ ಖಂಡಗಳಲ್ಲಿ ಮ್ಯಾರಥಾನ್ ಓಡಿದವರು. ನಮ್ಮವರೋ, ಸಾಣಾಪುರದ ಕೆರೆಯಲ್ಲಿ ಹರಗೋಲು ಒಂದು ಸುತ್ತು ತಿರುಗಿದ್ದಕ್ಕೇ ಬಂಡೆಗೊರಗಿದರು.

ವೈನ್ ರುಚಿ ನೋಡುವುದಕ್ಕೂ ಒಂದು ಶಾಸ್ತ್ರವಿದೆ: ಗ್ಲಾಸು ತಿರುಗಿಸು, ಮೂಸು, ಆಮೇಲೆ ಗುಟುಕರಿಸು.

“ಯಣ್ಣಾ, ಇಷ್ಟು ಹಾಕಿದ್ರ ನಾಲಿಗಿಗೇ ಸಾಲಂಗಿಲ್ಲ, ಮೂಗಿಗೆಲ್ಲಿಂದ ತರ್ಲಿ?”

ಗಾಡಿ ಹೊಡೆಯುವವನಿಗೆ ಬರೀ ದ್ರಾಕ್ಷಿಹಣ್ಣು. ಅವನ ಮುಖವಂತೂ ಆಗಲೇ ಹುಳಿದ್ರಾಕ್ಷಿ.

ಅಂಜನಾದ್ರಿಯ 575 ಮೆಟ್ಟಿಲು ಹತ್ತೋಣವೆಂದರೆ ಎಲ್ಲರಿಗೂ ಒಮ್ಮೆಲೇ ಭಕ್ತಿ ಉಕ್ಕಿತು: “ಬ್ಯಾಡಪಾ, ಹನುಮಪ್ಪಗ ವಾಸನಿ ಬಡೀತದ!”