ಹರಕೆ ಇದ್ದವರು ಕೈ ಎತ್ತಿ

ನಮ್ಮೂರ ಮಹಿಳಾ ಸಂಘದ ನಡಾವಳಿ ಪುಸ್ತಕ ಓದಿದರೆ ನಿಮಗೆ ನಮ್ಮ ಮೇಲೆ ಭಾರಿ ಗೌರವ ಹುಟ್ಟುತ್ತದೆ. ‘ಗ್ರಾಮ ನೈರ್ಮಲ್ಯದ ಕುರಿತು ಚರ್ಚಿಸಲಾಯಿತು.’ ‘ಪೌಷ್ಟಿಕ ಆಹಾರದ ಬಗ್ಗೆ ಸದಸ್ಯೆಯರು ಅಭಿಪ್ರಾಯ ಹಂಚಿಕೊಂಡರು.’ ಬರೆಯುವವಳು ನಾನೇ, ಹಾಗಾಗಿ ಒಳಗಿನ ಮಾತು ಗೊತ್ತು. ನೈರ್ಮಲ್ಯ ಅಂದರೆ ಯಾರ ಮನೆ ಬಚ್ಚಲ ನೀರು ಯಾರ ಅಂಗಳಕ್ಕೆ ನುಗ್ಗುತ್ತದೆ ಎಂಬ ಜಗಳ. ಪೌಷ್ಟಿಕ ಆಹಾರ ಅಂದರೆ ಹೋದ ವಾರದ ಬೀಗರೂಟದಲ್ಲಿ ಪೀಸು ಎಣಿಸಿ ಹಾಕಿದರು ಎಂಬ ದೂರು.

ಸರ್ಕಾರ 2000-01ರಲ್ಲಿ ಸ್ತ್ರೀಶಕ್ತಿ ಯೋಜನೆ ತಂದು 15-20 ಜನ ಹೆಂಗಸರು ಸೇರಿ ಗುಂಪು ಕಟ್ಟಿಕೊಳ್ಳಿ ಅಂದಾಗ ಅದರ ಮನಸ್ಸಿನಲ್ಲಿದ್ದದ್ದು ಉಳಿತಾಯ, ಸ್ವಾವಲಂಬನೆ, ಅಂಥವೇ. ಅಷ್ಟು ಜನ ಹೆಂಗಸರು ಅಂಗನವಾಡಿ ಜಗುಲಿಯಲ್ಲಿ ವಾರವಾರ ಕೂತರೆ ಒಂದಲ್ಲ ಒಂದು ದಿನ ‘ಎಲ್ಲಿಗಾದ್ರೂ ಹೋಗೋಣ ಕಣ್ರೇ’ ಅಂದೇ ಅನ್ನುತ್ತಾರೆ ಎಂದು ಯಾವ ಅಧಿಕಾರಿಗೂ ಹೊಳೆದಂತಿಲ್ಲ.

ಹೋಗುವುದಕ್ಕೆ ದೇವರು ಬೇಕು. ‘ಸಮುದ್ರ ನೋಡಿ ಬರ್ತೀವಿ’ ಅಂದರೆ ಯಾವ ಮನೆಯಲ್ಲೂ ಕಳಿಸುವುದಿಲ್ಲ. ‘ಕೃಷ್ಣನ ದರ್ಶನ’ ಅಂದರೆ ಅತ್ತೆಯೇ ಹುಂಡಿಗೆ ಹಾಕಲು ಹನ್ನೊಂದು ರೂಪಾಯಿ ಕೊಟ್ಟು ಕಳಿಸುತ್ತಾರೆ. ಆದ್ದರಿಂದ ನಮ್ಮ ಸಂಘ ದೇವರನ್ನು ಆರಿಸುವುದು ಆ ದೇವರ ಅಕ್ಕಪಕ್ಕ ಏನಿದೆ ಎಂದು ನೋಡಿಕೊಂಡು. ಹೊರನಾಡಿನ ದಾರಿಯಲ್ಲಿ ಟೀ ತೋಟ. ಚಾಮುಂಡಿಬೆಟ್ಟಕ್ಕೆ ಭಾನುವಾರವೇ ಹೋಗಬೇಕು, ಸಂಜೆ ಅರಮನೆಗೆ ದೀಪ ಹಾಕುತ್ತಾರೆ. ಮುರುಡೇಶ್ವರನ ಭಕ್ತಿ ನಮಗೆ ಉಕ್ಕಿ ಬಂದದ್ದು ಅಲ್ಲಿಯ ಇಪ್ಪತ್ತು ಅಂತಸ್ತಿನ ಗೋಪುರದೊಳಗೆ ಲಿಫ್ಟ್ ಇದೆ ಎಂದು ತಿಳಿದ ಮೇಲೆ.

ಮೊದಲು ಟಿ.ಟಿ. ಗಾಡಿ ಬಾಡಿಗೆಗೆ ಮಾಡಿಕೊಂಡು ಹೋಗಬೇಕಿತ್ತು. ತಲೆಗಿಷ್ಟು ಎಂದು ಹಾಕಬೇಕು, ಗಂಡಂದಿರು ‘ದುಡ್ಡೆಲ್ಲಿದೆ’ ಎಂದು ರಾಗ ಎಳೆಯಬೇಕು. 2023ರ ಜೂನ್ 11ಕ್ಕೆ ಹೆಂಗಸರಿಗೆ ಸರ್ಕಾರಿ ಬಸ್ಸು ಪುಕ್ಕಟೆ ಮಾಡಿದ ಶಕ್ತಿ ಯೋಜನೆ ಬಂದು ಆ ರಾಗ ನಿಂತುಹೋಯಿತು. ಈಗ ಅವರ ಹತ್ತಿರ ಉಳಿದಿರುವುದು ಒಂದೇ ಅಸ್ತ್ರ: ‘ಹಸು ಹಾಲು ಯಾರು ಕರೀತಾರೆ? ಡೈರಿಗೆ ಯಾರು ಹಾಕ್ತಾರೆ?’ ಇದಕ್ಕೆ ಮೇಗಲಮನೆ ಚಿಕ್ಕಮ್ಮ ಕೊಟ್ಟ ಉತ್ತರ ಸಂಘದಲ್ಲಿ ಪ್ರಸಿದ್ಧವಾಗಿದೆ. ‘ಪಾಸ್‌ಬುಕ್ಕಲ್ಲಿ ನಿಮ್ಮ ಹೆಸರೇ ಐತಲ್ಲ, ಹಾಲೂ ನೀವೇ ಕರೀರಿ.’

ಸೀರೆ ವಿಷಯ ಬೇರೆ. ಎಲ್ಲರೂ ಒಂದೇ ಬಣ್ಣದ ಸೀರೆ ಉಡಬೇಕು ಎಂಬ ನಿರ್ಣಯ ಒಂದೇ ಮಾತಿಗೆ ಪಾಸಾಗುತ್ತದೆ. ಯಾವ ಬಣ್ಣ ಎಂಬುದು ಮಾತ್ರ ಶನಿವಾರದಿಂದ ಶನಿವಾರಕ್ಕೆ ಮುಂದೆ ಹೋಗುತ್ತಲೇ ಇರುತ್ತದೆ. ಗಿಳಿಹಸಿರು ಅಂದರೆ ಕಪ್ಪಗಿದ್ದೀನಿ ಅಂತ ಆಡ್ಕೋತೀರಾ ಎಂದು ಒಬ್ಬಳ ಸಿಟ್ಟು; ಕನಕಾಂಬರ ಅಂದರೆ ಸೊಸೆಗೆ ತಂದ ಬಣ್ಣ ನಾನುಟ್ಟರೆ ಮನೆಯಲ್ಲಿ ಯುದ್ಧ ಎಂದು ಇನ್ನೊಬ್ಬಳು. ಕೊನೆಗೆ ಅಧ್ಯಕ್ಷೆಯ ತಮ್ಮನ ಅಂಗಡಿಯಲ್ಲಿ ಖರ್ಚಾಗದೆ ಉಳಿದಿದ್ದ ನೇರಳೆ ಬಣ್ಣವೇ ಸರ್ವಾನುಮತದಿಂದ ಆಯ್ಕೆಯಾಯಿತು. ನಡಾವಳಿಯಲ್ಲಿ ಇದನ್ನು ‘ಸ್ಥಳೀಯ ವ್ಯಾಪಾರಕ್ಕೆ ಪ್ರೋತ್ಸಾಹ’ ಎಂದು ಬರೆದಿದ್ದೇನೆ.

ಹೀಗೆ ನೇರಳೆ ಉಟ್ಟು ಉಡುಪಿಗೆ ಹೊರಟೆವು. ಹಾಸನದ ಬಸ್‌ಸ್ಟ್ಯಾಂಡಿನಲ್ಲಿ ಕಿಟಕಿಯಿಂದ ಕರ್ಚೀಫು ಎಸೆದು ಸೀಟು ಹಿಡಿದದ್ದಾಯಿತು. ಎಕ್ಸ್‌ಪ್ರೆಸ್ ಬಸ್ಸಿನಲ್ಲಿ ಅರ್ಧ ಸೀಟು ಗಂಡಸರಿಗೆ ಎಂಬ ನಿಯಮವಿದೆ. ಪಾಪ, ಮೀಸಲಾತಿ ಬೇಕಾದ ಕಾಲ ಅವರಿಗೂ ಬಂತು. ಕಂಡಕ್ಟರು ಆಧಾರ್ ಕಾರ್ಡು ನೋಡಿ ಅಂಗಡಿ ಅಕ್ಕನ ಮುಖ ನೋಡಿ, ಮತ್ತೆ ಕಾರ್ಡು ನೋಡಿದರು. ‘ನಾನೇ ಕಣಪ್ಪ, ಆಗ ಜ್ವರ ಬಂದಿತ್ತು’ ಅಂದಳು. ಶಿರಾಡಿ ಘಾಟಿಯ ತಿರುವು ಶುರುವಾದ ಮೇಲೆ ಅಂತ್ಯಾಕ್ಷರಿ ನಿಂತಿತು, ನಿಂಬೆಹಣ್ಣು ಕೈಯಿಂದ ಕೈಗೆ ದಾಟತೊಡಗಿತು. ಅದರ ಬಗ್ಗೆ ಹೆಚ್ಚು ಬರೆಯುವುದು ಬೇಡ. ಪುಳಿಯೋಗರೆ ಬುತ್ತಿ ಬಿಚ್ಚಿದ್ದು ಸ್ವಲ್ಪ ಬೇಗ ಆಯಿತು, ಅಷ್ಟೇ.

ಉಡುಪಿಯಲ್ಲಿ ಕೃಷ್ಣನನ್ನು ನೋಡುವುದು ಒಂಬತ್ತು ತೂತಿನ ಕಿಂಡಿಯಿಂದ. ಸಾಲು ಸರಸರನೆ ಮುಂದೆ ಹೋಗುತ್ತಿರಲಿ ಎಂದು ನಾವೆಲ್ಲ ಭಕ್ತಿಯಿಂದ ಬೇಡಿಕೊಂಡೆವು. ಮಠದಲ್ಲಿ ಊಟಕ್ಕೆ ಕೂತಾಗ ಮಾತ್ರ ಯಾರಿಗೂ ಅವಸರವಿರಲಿಲ್ಲ. ‘ಇನ್ನೊಂಚೂರು ಸಾರು’ ಎಂದು ಕೂತಲ್ಲಿಂದಲೇ ಕೇಳಿ ಬಡಿಸಿಕೊಳ್ಳುವ ಭಾಗ್ಯ ನಮಗೆ ದಿನಾ ಎಲ್ಲಿದೆ?

ಆಮೇಲೆ ಮಲ್ಪೆ. ಕರಾವಳಿಯಲ್ಲಿ ಖಾಸಗಿ ಬಸ್ಸುಗಳದ್ದೇ ದರ್ಬಾರು ಎಂಬುದು ನಮಗೆ ಹೊಳೆದಿರಲಿಲ್ಲ. ಎಲ್ಲರೂ ಠೀವಿಯಿಂದ ಆಧಾರ್ ಕಾರ್ಡು ಮುಂದೆ ಹಿಡಿದೆವು. ಕಂಡಕ್ಟರ್ ಹುಡುಗ ನಕ್ಕು, ‘ಇದು ಇಲ್ಲಿ ಆಗುದಿಲ್ಲ ಅಕ್ಕ, ದುಡ್ಡು ಕೊಡಿ’ ಅಂದ. ಸೊಂಟದ ಚೀಲ ಬಿಚ್ಚುವಾಗ ಚಿಕ್ಕಮ್ಮನ ಮುಖ ನೋಡಬೇಕಿತ್ತು. ಆರೇಳು ಕಿಲೋಮೀಟರಿಗೆ ತೆತ್ತ ಆ ಚಿಲ್ಲರೆ ಈಗಲೂ ಪ್ರತಿ ಸಭೆಯಲ್ಲಿ ಚರ್ಚೆಗೆ ಬರುತ್ತದೆ.

ಸಮುದ್ರದಲ್ಲಿ ನಾವು ಮಾಡಿದ್ದನ್ನು ನಡಾವಳಿಗೆ ಬರೆದಿಲ್ಲ. ಊರಲ್ಲಿ ತಲೆ ಮೇಲಿನ ಸೆರಗು ಜಾರಿಸದ ಗೌಡರ ಮನೆ ಅತ್ತೆ ನೆರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡು ಅಲೆಗೆ ‘ಬಾರೋ, ಬಾ’ ಎಂದು ಸವಾಲು ಹಾಕಿದರು. ಅಲೆ ಬಂದೇ ಬಂತು. ಅದೇ ಹೊತ್ತಿಗೆ ದಡದಲ್ಲಿಟ್ಟ ಫೋನುಗಳು ಒಂದಾದ ಮೇಲೊಂದು ಬಡಿದುಕೊಂಡವು. ‘ಕೊಬ್ಬರಿ ಡಬ್ಬ ಎಲ್ಲಿಟ್ಟಿದ್ದೀಯ?’ ‘ಮುದ್ದೆಗೆ ನೀರು ಎಷ್ಟು?’ ಅಂಗಡಿ ಅಕ್ಕ ಒದ್ದೆ ಕೈ ಒರೆಸಿಕೊಂಡು, ‘ಮಂಗಳಾರತಿ ಆಗ್ತಾ ಐತೆ, ಆಮೇಲೆ ಮಾಡಿ’ ಎಂದು ಇಟ್ಟುಬಿಟ್ಟಳು.

ಮುಂದಿನ ಸಭೆಯ ವಿಷಯ ಜೋಗ. ಮಳೆಗಾಲ, ನೀರು ಚೆನ್ನಾಗಿದೆಯಂತೆ. ಆದರೆ ಜಲಪಾತಕ್ಕೆ ಅಂತ ಹೇಳಿ ಮನೆ ಬಿಡಲಾಗುತ್ತದೆಯೇ? ಹತ್ತಿರದಲ್ಲಿ ಯಾವ ದೇವರಿದೆ ಎಂದು ಹುಡುಕಿದಾಗ ಸಿಗಂದೂರು ಚೌಡೇಶ್ವರಿ ಸಿಕ್ಕಳು. 2025ರ ಜುಲೈನಲ್ಲಿ ಶರಾವತಿ ಹಿನ್ನೀರಿಗೆ ಸೇತುವೆಯೂ ಆಗಿದೆ. ‘ಅಯ್ಯೋ, ಲಾಂಚಲ್ಲಿ ಹೋಗೋ ಮಜಾನೇ ಹೋಯ್ತಲ್ಲ’ ಎಂದು ಹಿಂದೊಮ್ಮೆ ಹೋಗಿದ್ದವರು ಮರುಗಿದರು.

ಅಧ್ಯಕ್ಷೆ ಗಂಭೀರವಾಗಿ ಕೇಳಿದರು: ‘ಚೌಡೇಶ್ವರಿಗೆ ಹರಕೆ ಹೊತ್ತೋರು ಯಾರಿದ್ದೀರಿ? ಕೈ ಎತ್ತಿ.’

ಎಲ್ಲರೂ ಎತ್ತಿದರು.

‘ಏನು ಹರಕೆ?’ ಎಂದು ಚಿಕ್ಕಮ್ಮನನ್ನು ಕೇಳಿದೆ, ಬರೆದುಕೊಳ್ಳಬೇಕಲ್ಲ.

‘ನೀನು ಬರ್ಕೋತಾ ಇರು. ಶನಿವಾರದೊಳಗೆ ಯೋಚನೆ ಮಾಡಿ ಹೇಳ್ತೀನಿ.’